ನೂರು ಕೋಟಿ ಸೆಕೆಂಡಿಗೆ ಎಷ್ಟು ವರ್ಷ, ಮೇಷ್ಟ್ರೇ?

ತೀರ್ಥಹಳ್ಳಿ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಎರಡು ಪುಟ ತುಂಬ ಕಾಗದ ಬರೆದಿದ್ದಾರೆ. ವಿಷಯ ಇಷ್ಟೇ. ಹೋದ ಸಂಚಿಕೆಯ ವಿಜ್ಞಾನ ಪುಟದಲ್ಲಿ ನಾವು "100 ಕೋಟಿ ಸೆಕೆಂಡ್ ಅಂದ್ರೆ ಹೆಚ್ಚುಕಡಿಮೆ 32 ವರ್ಷ" ಅಂತ ಹಾಕಿದ್ವಿ. ಮೇಷ್ಟ್ರು ಕೂತು ಭಾಗಾಕಾರ ಮಾಡಿದ್ರೆ 31.71 ಬಂತಂತೆ, ಮೊಮ್ಮಗ ಫೋನಲ್ಲಿ ನೋಡಿದ್ರೆ 31.69. "ಮೂರರಲ್ಲಿ ಯಾವುದು ಸರಿ? ಪತ್ರಿಕೆಯವರೇ ಹೆಚ್ಚುಕಡಿಮೆ ಅಂದ್ರೆ ಮಕ್ಕಳು ಏನು ಕಲೀಬೇಕು? ಫೋನೇ ಎಲ್ಲಾ ಹೇಳೋವಾಗ ಈ ಲೆಕ್ಕ ತಲೇಲಿ ಯಾಕಿರಬೇಕು ಅಂತ ಮೊಮ್ಮಗ ಕೇಳ್ತಾನೆ, ಅವನಿಗೆ ಏನು ಹೇಳ್ಲಿ?" ಅಂತ ಕೇಳಿದ್ದಾರೆ. ಈ ತಿಂಗಳ 5ಕ್ಕೆ ತಮಗೆ 76 ತುಂಬಿದ್ದನ್ನೂ ಬರೆದಿದ್ದಾರೆ.

ಮೇಷ್ಟ್ರೇ, ಮೊದಲು ನಮಸ್ಕಾರ. 76ರಲ್ಲಿ ಪೇಪರ್ ತಗೊಂಡು ಎಂಟಂಕಿ ಸಂಖ್ಯೆಯಿಂದ ಭಾಗಿಸೋಕೆ ಕೂತ್ರಲ್ಲ, ಅದಕ್ಕೇ ಬಂದ ಅಷ್ಟೂ ಕಾಗದದಲ್ಲಿ ನಿಮ್ಮದನ್ನ ಎತ್ಕೊಂಡಿದ್ದು.

ಮೊಮ್ಮಗನ ಉತ್ತರ ಸರಿ, ಒಪ್ಕೊಳ್ತೀನಿ. ರಾಕೆಟ್ ಹಾರಿಸೋರಿಗೆ, ಬ್ಯಾಂಕಿನ ಸಾಫ್ಟ್‌ವೇರ್ ಬರೆಯೋರಿಗೆ 31.69 ಕೂಡ ಸಾಲಲ್ಲ, ಸೆಕೆಂಡಿನ ಚೂರೂ ಬೇಕು. ಆದ್ರೆ ನಿಮ್ಮ 31.71 ತಪ್ಪು ಅಂತ ಮಾತ್ರ ನಾನು ಹೇಳಲ್ಲ. ಬನ್ನಿ, ಕೈಲೆಕ್ಕ ಮಾಡೋಣ. ದಿನಕ್ಕೆ 86,400 ಸೆಕೆಂಡ್. ಮುನ್ನೂರು ದಿನಕ್ಕೆ 2,59,20,000, ಉಳಿದ 65 ದಿನಕ್ಕೆ 56,16,000, ಕೂಡಿದ್ರೆ 3,15,36,000. ನೀವು ಭಾಗಿಸಿದ್ದು ಇದರಿಂದ. ವರ್ಷ ಅನ್ನೋದು 365 ದಿನದ ಮೇಲೆ ಇನ್ನೂ ಸುಮಾರು ಕಾಲು ದಿನ ಇರೋದ್ರಿಂದ ಅದರ 21,600 ಸೆಕೆಂಡ್ ಸೇರಿಸಿ, 3,15,57,600 ಆಗುತ್ತೆ, ಫೋನಿನ 31.69 ಇದರಿಂದ ಬಂದಿದ್ದು. ಎರಡು ಉತ್ತರದ ಮಧ್ಯೆ ಇರೋದು ಎಂಟು ದಿನ. ಆ ಎಂಟು ದಿನ ಎಲ್ಲಿ ಹೋಯ್ತು ಅಂತಾನೂ ತೋರಿಸ್ತೀನಿ. ಬಹಳಷ್ಟು ಕಂಪ್ಯೂಟರ್‌ಗಳ ಒಳಗೆ ಒಂದು ಗಡಿಯಾರ ಇದೆ, ಅದು ತಾರೀಕು ಇಟ್ಕೊಳ್ಳಲ್ಲ, 1970ರ ಜನವರಿ 1ರಿಂದ, ಅಂದ್ರೆ ನಮ್ಮ ಟೈಮಿನಲ್ಲಿ ಅವತ್ತು ಬೆಳಗ್ಗೆ ಐದೂವರೆಯಿಂದ, ಬರೀ ಸೆಕೆಂಡ್ ಎಣಿಸ್ತಾ ಕೂತಿರುತ್ತೆ. ಅದು 100 ಕೋಟಿ ಮುಟ್ಟಿದ್ದು 2001ರ ಸೆಪ್ಟೆಂಬರ್ 9, ನಮ್ಮಲ್ಲಿ ಬೆಳಗ್ಗೆ 7 ಗಂಟೆ 16 ನಿಮಿಷ 40 ಸೆಕೆಂಡಿಗೆ. ಈ ಮಧ್ಯೆ 72ರಿಂದ 2000ದವರೆಗೆ ಎಷ್ಟು ಫೆಬ್ರವರಿ 29 ಬಂದ್ವು ಎಣಿಸಿ ನೋಡಿ, ಸರಿಯಾಗಿ ಎಂಟು. ಮೊಮ್ಮಗ ಫೋನಿಂದ ಉತ್ತರ ತಗೊಂಡ, ನೀವು ಮಾಡಿದ ಲೆಕ್ಕದ ಪಕ್ಕದಲ್ಲಿ ಇಟ್ಟಾಗಲೇ ಈ ಎಂಟು ದಿನ ಕಣ್ಣಿಗೆ ಬಿದ್ದಿದ್ದು.

ಇನ್ನು ನಮ್ಮ 32. ನಾಲ್ಕು ತಿಂಗಳ ಹತ್ರ ಜಾಸ್ತಿ ಹೇಳಿದ್ದೀವಿ, ನಿಜ. ಆದ್ರೂ ಅದನ್ನ ತೆಗೆಯೋಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಆ ವಾಕ್ಯ ಇದ್ದಿದ್ದು 100 ಕೋಟಿ ಅನ್ನೋದನ್ನ ಒಬ್ಬ ಮನುಷ್ಯನ ವಯಸ್ಸಿನ ಅಳತೆಗೆ ಇಳಿಸೋಕೆ. ಒಂದು ಲಕ್ಷ ಸೆಕೆಂಡ್ ಅಂದ್ರೆ ಒಂದು ದಿನ ಮೂರೂಮುಕ್ಕಾಲು ಗಂಟೆ. ಒಂದು ಕೋಟಿ ಅಂದ್ರೆ 116 ದಿನ, ಭತ್ತ ನಾಟಿ ಮಾಡಿ ಕೊಯ್ಲಿಗೆ ಬರೋ ಹೊತ್ತು. 100 ಕೋಟಿ ಅಂದ್ರೆ ಮದುವೆಯಾಗಿ ಮಗು ಇರೋ ಆಳು. ಪೂರ್ತಿ ನೂರು ವರ್ಷ ಬದುಕಿದ್ರೂ ಸಿಗೋದು 315 ಕೋಟಿ. ಲಕ್ಷ ಕೋಟಿಗೆ ಹೋದ್ರೆ 31,688 ವರ್ಷ, ಅಷ್ಟು ಹಿಂದೆ ಬೇಸಾಯ ಅನ್ನೋದೇ ಹುಟ್ಟಿರ್ಲಿಲ್ಲ. ಇಷ್ಟಕ್ಕೆ ತಲೇಲಿ ಬೇಕಾಗಿರೋದು ಒಂದೇ ಸಂಖ್ಯೆ, ವರ್ಷಕ್ಕೆ ಮೂರು ಕೋಟಿ ಹದಿನೈದು ಲಕ್ಷ. ಭೌತಶಾಸ್ತ್ರದೋರು ಪೈ ಮುಂದೆ ಕೋಟಿ ಅಂತ ನೆನಪಿಟ್ಕೊಳ್ತಾರೆ, 3.14 ಕೋಟಿ, ಅರ್ಧ ಪರ್ಸೆಂಟೂ ತಪ್ಪಲ್ಲ.

ನಮ್ಮ ದೊಡ್ಡಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಿದ್ರು, ರಜೆಗೆ ಹೋದಾಗ ನಾನು ಅವರ ಪಕ್ಕ ಚೀಲದ ಮೇಲೆ ಕೂತಿರ್ತಿದ್ದೆ. ಒಂದ್ಸಲ ಹೊಸ ಹುಡುಗ ಕ್ಯಾಲ್ಕುಲೇಟರ್‌ನಲ್ಲಿ 38 ಚೀಲ, ಚೀಲಕ್ಕೆ 65 ಕೆಜಿ ಅಂತ ಒತ್ತಿ 24,700 ಕೆಜಿ ಬರೆದ. ದೊಡ್ಡಪ್ಪ ಬೇರೆ ಯಾರದ್ದೋ ಪಟ್ಟಿ ಬರೀತಾ ತಲೆ ಎತ್ತದೆ "40 ಚೀಲ ಅಂದ್ಕೊ, 2,600. ಎರಡು ಚೀಲದ್ದು 130 ಕಳಿ. 2,470. ಸೊನ್ನೆ ಒಂದು ಜಾಸ್ತಿ ಬಿದ್ದಿದೆ ನೋಡು" ಅಂದ್ರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಕಾಲು, ಅರೆ, ಮುಕ್ಕಾಲು ಮಗ್ಗಿ ಕೂಡ ಬಾಯಲ್ಲಿತ್ತು. ಮೊಮ್ಮಗ ಕೇಳಿದ್ದಕ್ಕೆ ನನ್ನ ಉತ್ತರ ಇದೇ, ಫೋನಲ್ಲಿ ಒಂದು ಸೊನ್ನೆ ಜಾಸ್ತಿ ಒತ್ತಿದ್ರೆ ಫೋನ್ ಹೇಳಲ್ಲ, ಅಂದಾಜು ಗೊತ್ತಿರೋ ತಲೆ ಹೇಳುತ್ತೆ.

ಈಗ ಮೇಷ್ಟ್ರೇ, ನಿಮ್ಮನ್ನೂ ಸ್ವಲ್ಪ ಗದರಬೇಕು, ಬೇಜಾರು ಮಾಡ್ಕೋಬೇಡಿ. ಕಾಗದದ ಕೊನೇಲಿ "ಬ್ರಹ್ಮಾಂಡದ ವಯಸ್ಸು 13.8 ಬಿಲಿಯನ್, ಅಂದ್ರೆ 138 ಕೋಟಿ ವರ್ಷ" ಅಂತ ಬರೆದಿದ್ದೀರಿ. ಬಿಲಿಯನ್ ಅಂದ್ರೆ 100 ಕೋಟಿ, 10 ಕೋಟಿ ಅಲ್ಲ. ಅದು 1,380 ಕೋಟಿ. ನಾವು ಕೂತಿರೋ ಈ ಭೂಮಿಗೇ 454 ಕೋಟಿ ವರ್ಷ ಆಗಿರೋವಾಗ ಬ್ರಹ್ಮಾಂಡ ಅದಕ್ಕಿಂತ ಚಿಕ್ಕದಾಗೋದು ಹೇಗೆ? ಸೆಕೆಂಡಲ್ಲಿ ಬೇಕು ಅಂದ್ರೆ 1,380 ಕೋಟಿನ ವರ್ಷದ ಮೂರು ಕೋಟಿ ಚಿಲ್ಲರೆಯಿಂದ ಗುಣಿಸಿ, ಸುಮಾರು 4,355 ಕೋಟಿ ಕೋಟಿ ಸೆಕೆಂಡ್. ಆದ್ರೆ ತಪ್ಪು ನಿಮ್ಮೊಬ್ಬರದ್ದಲ್ಲ. ನಮ್ಮ ಪತ್ರಿಕೆಯಲ್ಲೇ ಹಿಂದೆ ಒಂದು ಲೇಖನದಲ್ಲಿ 300 ಮಿಲಿಯನ್ ಅನ್ನೋದು 3 ಕೋಟಿ ಅಂತ ಅಚ್ಚಾಗಿ, 30 ಕೋಟಿ ಅಂತ ತಿದ್ದುಪಡಿ ಹಾಕಬೇಕಾಯ್ತು. ಅವತ್ತಿಂದ ನಮ್ಮಲ್ಲಿ ಮಿಲಿಯನ್ ಬಿಲಿಯನ್ ಬಂದ್ರೆ ಲಕ್ಷಕ್ಕೋ ಕೋಟಿಗೋ ತಿರುಗಿಸದೆ ಪುಟ ಬಿಡಲ್ಲ.

ಇದು ನನಗೆ ನಿಜವಾಗ್ಲೂ ಸಂಕಟದ ವಿಷಯ. ದೊಡ್ಡ ಸಂಖ್ಯೆಗೆ ಹೆದರದ ಜನ ನಮ್ಮೋರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಜ್ಞ ಮಹಾವೀರಾಚಾರ್ಯ ಸಂಖ್ಯೆಯ 24 ಸ್ಥಾನದವರೆಗೆ ಹೆಸರು ಕೊಟ್ಟ. 12ನೇ ಶತಮಾನದ ರಾಜಾದಿತ್ಯ ಗಣಿತವನ್ನ ಕನ್ನಡದಲ್ಲೇ ಬರೆದ. ಪಂಚಾಂಗದೋರ ಅಹರ್ಗಣ ಇದೆಯಲ್ಲ, ಕಲಿಯುಗ ಶುರುವಾದ ದಿನದಿಂದ ಒಂದೊಂದೇ ದಿನ ಎಣಿಸ್ಕೊಂಡು ಬರೋದು, ಕಂಪ್ಯೂಟರ್ ಸೆಕೆಂಡಲ್ಲಿ ಮಾಡೋ ಕೆಲಸ ಅದೇ, ಇವರು ದಿನದಲ್ಲಿ ಮಾಡಿದ್ರು, ಈಗ ಅದು 18 ಲಕ್ಷ 70 ಸಾವಿರ ದಾಟಿದೆ. ಆರ್ಯಭಟ 43,20,000 ವರ್ಷದ ಮಹಾಯುಗಕ್ಕೆ 157,79,17,500 ದಿನ ಅಂದ. ಭಾಗಿಸಿ ನೋಡಿ, ವರ್ಷಕ್ಕೆ 365 ದಿನ 6 ಗಂಟೆ 12 ನಿಮಿಷ 30 ಸೆಕೆಂಡ್ ಬರುತ್ತೆ. ನಕ್ಷತ್ರದ ಲೆಕ್ಕದ ವರ್ಷಕ್ಕೆ ಇವತ್ತಿನ ಅಳತೆ ಜೊತೆ ಇಟ್ರೆ ಬರೀ ಮೂರು ನಿಮಿಷ 20 ಸೆಕೆಂಡ್ ಜಾಸ್ತಿ. ಮೇಲೆ ನಾವು ಸೇರಿಸಿದ ಕಾಲು ದಿನದ 21,600 ಕೂಡ ನಿಮಗೆ ಗುರುತಿರಬೇಕು, ದಿನಕ್ಕೆ ಮನುಷ್ಯ ಬಿಡೋ ಉಸಿರು ಅಂತ ಹಿರಿಯರು ಹೇಳ್ತಿದ್ದ ಸಂಖ್ಯೆ ಅದೇ. ಒಂದು ಪ್ರಾಣ ಅಂದ್ರೆ ನಾಲ್ಕು ಸೆಕೆಂಡ್, ಆರು ಪ್ರಾಣಕ್ಕೆ ಒಂದು ವಿಘಟಿ, 60 ವಿಘಟಿಗೆ ಒಂದು ಘಳಿಗೆ, 60 ಘಳಿಗೆಗೆ ಒಂದು ದಿನ. 100 ಕೋಟಿ ಸೆಕೆಂಡ್ ಅಂದ್ರೆ 25 ಕೋಟಿ ಉಸಿರು.

ಅಂಥ ಕಡೆ ಈಗ ಟೀವಿಯಲ್ಲಿ ಬಜೆಟ್ ದಿನ ಸಾವಿರ ಕೋಟಿ, ಲಕ್ಷ ಕೋಟಿ ಎರಡನ್ನೂ ಒಂದೇ ಉಸಿರಲ್ಲಿ ಓದ್ತಾರೆ, ಕೇಳೋರಿಗೂ ಎರಡೂ ಒಂದೇ. 2025-26ರ ನಮ್ಮ ರಾಜ್ಯದ ಬಜೆಟ್ 4,09,549 ಕೋಟಿ. ಸೆಕೆಂಡಿಗೆ ಒಂದೊಂದು ರೂಪಾಯಿ ಎಣಿಸ್ತಾ ಕೂತ್ರೆ ಮುಗಿಯೋಕೆ ಸುಮಾರು 1 ಲಕ್ಷ 30 ಸಾವಿರ ವರ್ಷ. ಒಂದು ಕೋಟಿಯ ಶಾಲಾ ಕಟ್ಟಡ ಅದೇ ಲೆಕ್ಕದಲ್ಲಿ ನಾಲ್ಕು ತಿಂಗಳು. ಈ ಎರಡನ್ನ ಪಕ್ಕಪಕ್ಕ ಇಟ್ಟು ನೋಡೋಕೆ ಬರೋ ಊರಿನೋರು ಗ್ರಾಮಸಭೆಯಲ್ಲಿ ಕೇಳೋ ಪ್ರಶ್ನೆನೇ ಬೇರೆ ಇರುತ್ತೆ. ಮಗ್ಗಿ ಬಿಡಿಸಿ, ಅಂದಾಜು ಬಿಡಿಸಿ, ಕ್ಯಾಲ್ಕುಲೇಟರ್ ಕೈಗೆ ಕೊಟ್ಟು ಮಕ್ಕಳಿಗೆ ಸಹಾಯ ಮಾಡಿದ್ವಿ ಅಂದ್ಕೊಂಡಿದ್ದೀವಲ್ಲ, ಅದನ್ನ ನಾನು ಒಪ್ಪಲ್ಲ.

ಮೊಮ್ಮಗನಿಗೆ ಒಂದು ಕೆಲಸ ಕೊಡಿ. 240 ಕೋಟಿ ಸೆಕೆಂಡನ್ನ 86,400ರಿಂದ ಭಾಗಿಸಲಿ, ಪೇಪರ್ ಮೇಲೆ. 27,777 ದಿನ ಬಂದು ಸ್ವಲ್ಪ ಉಳಿಯುತ್ತೆ. ಅದರಲ್ಲಿ ನಿಮ್ಮ 76 ವರ್ಷದ 27,759 ದಿನ ಕಳೀಲಿ, ಅದರಲ್ಲಿ 19 ಫೆಬ್ರವರಿ 29 ಸೇರಿದೆ. ಹುಟ್ಟಿದ ಹೊತ್ತು ನಿಮ್ಮ ಜಾತಕದಲ್ಲಿ ಇದ್ದೇ ಇರುತ್ತೆ, ಅದನ್ನೂ ಹಿಡಿದ್ರೆ ನೀವು 240 ಕೋಟಿ ಸೆಕೆಂಡ್ ಮುಗಿಸೋದು ಇದೇ ತಿಂಗಳ 23ಕ್ಕೋ 24ಕ್ಕೋ ಗೊತ್ತಾಗುತ್ತೆ. ಯಾವತ್ತು, ಎಷ್ಟು ಗಂಟೆಗೆ ಅಂತ ಅವನ ಕೈಬರಹದಲ್ಲೇ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.

— ಸಂಪಾದಕ