ಜ್ವರ ಬಂದದ್ದು ಸಬೂಬಲ್ಲ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ಇಂಗ್ಲೆಂಡಿನಲ್ಲಿ ಓದುತ್ತಿರುವ ಅವರ ಮಗ ಜ್ವರ ಹಿಡಿದು ಮಲಗಿದ್ದರಿಂದ ಪ್ರಬಂಧ ಕೊಡುವುದು ತಡವಾಯಿತು. ‘ಮಿಟಿಗೇಟಿಂಗ್ ಸರ್ಕಮ್‌ಸ್ಟನ್ಸಸ್’ ಎಂಬ ಫಾರಂ ತುಂಬಿಕೊಡಲು ವಿಶ್ವವಿದ್ಯಾಲಯ ಹೇಳಿತು. ಬೇರೆ ಕಡೆ ಓದುವ ಅವನ ಗೆಳೆಯನಿಗೆ ಸಿಕ್ಕ ಫಾರಂನಲ್ಲಿ ‘ಎಕ್ಸ್‌ಟೆನ್ಯುಯೇಟಿಂಗ್’ ಎಂದಿತ್ತು. ಎರಡೂ ಒಂದೇನಾ? ಕನ್ನಡದಲ್ಲಿ ‘ಸಬೂಬು’ ಎಂದರೆ ಸಾಲದೇ?

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸಾಲದು ಸ್ವಾಮಿ. ಸಬೂಬು ಎಂದ ಕೂಡಲೇ ಹೇಳಿದವನನ್ನು ನಾವು ನಂಬಿಲ್ಲ ಎಂದಾಯಿತು. ಕುಣಿಯಲಾರದವಳು ನೆಲ ಡೊಂಕು ಎನ್ನುವುದು ಸಬೂಬು. ನಿಮ್ಮ ಮಗನಿಗೆ ಜ್ವರ ಬಂದದ್ದು ನಿಜ. ಹಾಗೆಂದು ಅವನು ‘ನಾನು ತಡ ಮಾಡಲೇ ಇಲ್ಲ’ ಎಂದೂ ವಾದಿಸುತ್ತಿಲ್ಲ. ಈ ಇಂಗ್ಲಿಷ್ ಪದಗಳ ಜೀವ ಇರುವುದು ಅಲ್ಲೇ: ಮೊದಲು ತಪ್ಪು ಒಪ್ಪಿಕೊಳ್ಳಬೇಕು, ಆಮೇಲೆ ಅದರ ಸುತ್ತ ಏನೇನಿತ್ತು ಎಂದು ಹೇಳಬೇಕು.

ಎರಡೂ ಲ್ಯಾಟಿನ್ನಿನಿಂದ ಬಂದವು. ಮಿಟಿಗೇಟ್ ಎಂದರೆ ಮೆತ್ತಗೆ ಮಾಡು, ಎಕ್ಸ್‌ಟೆನ್ಯುಯೇಟ್ ಎಂದರೆ ತೆಳುವಾಗಿಸು. ಇವಕ್ಕೆ ಎದುರಾದ ‘ಅಗ್ರವೇಟ್’ ಎಂಬುದರ ಮೂಲಾರ್ಥ ಭಾರ ಹೇರು. ಇಂದಿನ ಮಾತಿನಲ್ಲಿ ಮೊದಲೆರಡಕ್ಕೆ ಹೆಚ್ಚಿನ ವ್ಯತ್ಯಾಸ ಉಳಿದಿಲ್ಲ. ಕೋರ್ಟಿನವರಿಗೆ ‘ಮಿಟಿಗೇಟಿಂಗ್’ ರೂಢಿ, ಮನೆಮಾತಿನಲ್ಲಿ ‘ಎಕ್ಸ್‌ಟೆನ್ಯುಯೇಟಿಂಗ್’ ಹೆಚ್ಚು ಕೇಳಿಸುತ್ತದೆ. ಎರಡನ್ನೂ ಇನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿರುವುದು ಅಮೆರಿಕದ ಸೇನಾ ನ್ಯಾಯಾಲಯಗಳು. ಅಪರಾಧ ನಡೆದ ಗಳಿಗೆಯಲ್ಲಿ ಸುತ್ತ ಏನಿತ್ತು, ಯಾಕೆ ಹಾಗಾಯಿತು ಎಂಬ ವಿವರಣೆ ಅಲ್ಲಿ ‘ಎಕ್ಸ್‌ಟೆನ್ಯುಯೇಶನ್’. ಅಪರಾಧಿಯ ಒಳ್ಳೆಯ ನಡತೆ, ಹಿಂದೆ ತೋರಿದ ಶೌರ್ಯ ಇತ್ಯಾದಿಗಳನ್ನು ಮುಂದಿಟ್ಟು ಶಿಕ್ಷೆ ಕಡಿಮೆ ಮಾಡಿ ಎಂದು ಕೇಳುವುದು ‘ಮಿಟಿಗೇಶನ್’. ಒಂದು ತಪ್ಪನ್ನು ತೆಳುವಾಗಿಸುತ್ತದೆ, ಇನ್ನೊಂದು ಶಿಕ್ಷೆಯನ್ನು ಮೆತ್ತಗೆ ಮಾಡುತ್ತದೆ. ಸಿಪಾಯಿಗಳ ಲೆಕ್ಕ ಇಷ್ಟು ಸೂಕ್ಷ್ಮ ಎಂದು ನಾನೆಣಿಸಿರಲಿಲ್ಲ!

ಇದರ ಪಕ್ಕದಲ್ಲೇ ಇನ್ನೊಂದು ಗೆರೆ ಇದೆ. ಆಕ್ಸ್‌ಫರ್ಡಿನ ತತ್ವಜ್ಞಾನಿ ಜೆ.ಎಲ್. ಆಸ್ಟಿನ್ 1956ರ ಉಪನ್ಯಾಸವೊಂದರಲ್ಲಿ ಅದನ್ನು ಎಳೆದರು. ‘ಮಾಡಿದೆ, ಮಾಡಿದ್ದು ಸರಿಯೇ’ ಎನ್ನುವುದು ಸಮರ್ಥನೆ. ‘ಮಾಡಿದ್ದು ಕೆಟ್ಟದ್ದೇ, ಆದರೆ ಹೊಣೆ ಪೂರ್ತಿ ನನ್ನದಲ್ಲ’ ಎನ್ನುವುದು ಎಕ್ಸ್‌ಕ್ಯೂಸ್. ನಾವು ‘ಕೈತಪ್ಪಿ ಬಿತ್ತು’, ‘ಬಾಯಿತಪ್ಪಿ ಅಂದೆ’ ಎನ್ನುತ್ತೇವಲ್ಲ, ಅದು ಈ ಎರಡನೆಯ ಜಾತಿ. ಅಲ್ಲಿ ತಪ್ಪಿದ್ದು ಕೈ, ಬಾಯಿ. ನಾವು ಪಕ್ಕದಲ್ಲಿ ನಿಂತಿರುತ್ತೇವೆ.

ಯಾವುದು ತಪ್ಪಿನ ಭಾರ ಇಳಿಸುತ್ತದೆ ಎಂಬುದರಲ್ಲಿ ಕೋರ್ಟಿಗೂ ಕಟ್ಟೆಯ ಹರಟೆಗೂ ತಾಳೆಯಾಗುವುದಿಲ್ಲ. ‘ಪಾಪ, ಕುಡಿದಿದ್ದ, ಎಚ್ಚರ ಇರಲಿಲ್ಲ’ ಎಂದು ನಾವು ಮನ್ನಿಸಬಹುದು. ಇಂಗ್ಲೆಂಡಿನ ಶಿಕ್ಷಾ ಮಾರ್ಗಸೂಚಿಗಳಲ್ಲಿ ಕುಡಿದು ಅಪರಾಧ ಎಸಗುವುದು ಭಾರ ಹೆಚ್ಚಿಸುವ ಪಟ್ಟಿಯಲ್ಲಿದೆ. ಪಶ್ಚಾತ್ತಾಪ, ಎಳೆವಯಸ್ಸು, ಮನೆಯಲ್ಲಿ ತನ್ನನ್ನೇ ನೆಚ್ಚಿಕೊಂಡವರನ್ನು ನೋಡಿಕೊಳ್ಳುವ ಹೊಣೆ, ಇವು ಇಳಿಸುವ ಪಟ್ಟಿಯಲ್ಲಿವೆ. ‘ಸ್ಪೆಷಲ್ ಸರ್ಕಮ್‌ಸ್ಟನ್ಸಸ್’ ಎಂಬುದು ಕಿವಿಗೆ ಕರುಣೆಯ ಮಾತಿನಂತೆ ಕೇಳುತ್ತದೆ. ಕ್ಯಾಲಿಫೋರ್ನಿಯಾದ ಕೊಲೆ ಕಾನೂನಿನಲ್ಲಿ ಮರಣದಂಡನೆಗೆ ದಾರಿ ಮಾಡಿಕೊಡುವುದೇ ಅದು.

ನಮ್ಮ ಸುಪ್ರೀಂ ಕೋರ್ಟ್ ಕೂಡ ಮರಣದಂಡನೆ ಕುರಿತ 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಭಾರ ಹೆಚ್ಚಿಸುವ, ಇಳಿಸುವ ಎರಡೂ ಬಗೆಯ ಸಂಗತಿಗಳನ್ನು ತೂಗಿ ನೋಡಬೇಕು, ಅಪರಾಧದ ಜತೆ ಅಪರಾಧಿಯನ್ನೂ ಗಮನಿಸಬೇಕು ಎಂದಿತು. ಪತ್ರಿಕೆಗಳಿಗೆ (ನಮ್ಮನ್ನೂ ಸೇರಿಸಿ) ಅದರಲ್ಲಿ ‘ಅಪರೂಪದಲ್ಲಿ ಅಪರೂಪ’ ಎಂಬುದೊಂದೇ ನೆನಪಿದೆ.

ಹಾಗಾಗಿ ಕೋರ್ಟಿನ ವರದಿಯಲ್ಲಿ ‘ಶಿಕ್ಷೆ ತಗ್ಗಿಸುವ ಸಂಗತಿಗಳು’ ಎಂದು ಬರೆದರೆ ಸರಿಹೋಗುತ್ತದೆ. ಮಗನ ಫಾರಂಗೆ ಅದು ಬೇಡ, ಜ್ವರ ಬರುವುದು ಅಪರಾಧವೇನಲ್ಲ. ರಜೆ ಚೀಟಿಯಲ್ಲಿ ನಾವೆಲ್ಲ ಬರೆಯುತ್ತಿದ್ದ ‘ಅನಿವಾರ್ಯ ಕಾರಣ’ವೇ ಸಾಕು. ಡಾಕ್ಟರ ಚೀಟಿ ಲಗತ್ತಿಸಲು ಮರೆಯಬಾರದೆಂದು ಅವನಿಗೆ ಹೇಳಿ.