ಆರು ಕಿರೀಟದವರು ಮೂವರು, ನನ್ನ ಮತ ಐದು ಗೆದ್ದವರಿಗೆ

ಪ್ರಶ್ನೆ: ಕೆಲಸದ ನಿಮಿತ್ತ ಮ್ಯಾಂಚೆಸ್ಟರ್‌ನಲ್ಲಿದ್ದೇನೆ. ಸಹೋದ್ಯೋಗಿಗಳು ಒಮ್ಮೆ ಬೆಲ್ ವ್ಯೂಗೆ ಸ್ಪೀಡ್‌ವೇ ಬೈಕ್ ರೇಸ್ ತೋರಿಸಲು ಕರೆದೊಯ್ದರು, ಆಗಿನಿಂದ ಅದರ ಹುಚ್ಚು ಹಿಡಿದಿದೆ. ಮಧ್ಯಾಹ್ನ ಊಟಕ್ಕೆ ಕೂತಾಗಲೆಲ್ಲ ಒಂದೇ ವಾದ: ಸಾರ್ವಕಾಲಿಕ ಶ್ರೇಷ್ಠ ಸವಾರ ಯಾರು? ನ್ಯೂಜಿಲೆಂಡಿನ ಐವನ್ ಮೇಜರ್, ಸ್ವೀಡನ್ನಿನ ಟೋನಿ ರಿಕಾರ್ಡ್‌ಸನ್, ಪೋಲೆಂಡಿನ ಬಾರ್ತೋಶ್ ಜ್ಮರ್ಜ್ಲಿಕ್ ಮೂವರೂ ಆರಾರು ಸಲ ವಿಶ್ವ ಚಾಂಪಿಯನ್ ಆದವರು. ನೀವೇ ಹೇಳಿ.

ಉತ್ತರ: ಮೂವರಲ್ಲಿ ಒಬ್ಬರೂ ಅಲ್ಲ. ಐದು ಸಲ ಗೆದ್ದ ಸ್ವೀಡನ್ನಿನ ಊವೆ ಫುಂಡಿನ್ ನನ್ನ ಆಯ್ಕೆ. ನಿಮ್ಮ ಸಹೋದ್ಯೋಗಿಗಳು ಇದನ್ನು ಸುಲಭಕ್ಕೆ ಒಪ್ಪಲಿಕ್ಕಿಲ್ಲ, ಹಾಗಾಗಿ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ಅದಕ್ಕೆ ಮೊದಲು, ಈ ಆಟ ನೋಡಿರದ ಓದುಗರಿಗಾಗಿ ನಾಲ್ಕು ಮಾತು.

ಸ್ಪೀಡ್‌ವೇ ನಡೆಯುವುದು ಅಂಡಾಕಾರದ ಮಣ್ಣಿನ ಟ್ರ್ಯಾಕ್ ಮೇಲೆ. ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಬೈಕಿಗೆ 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಮೆಥನಾಲ್ ಇಂಧನ, ಒಂದೇ ಗೇರ್. ಬ್ರೇಕ್ ಇಲ್ಲವೇ ಇಲ್ಲ. ತಿರುವೆಲ್ಲ ಎಡಕ್ಕೆ. ತಿರುವು ಬರುತ್ತಿದ್ದಂತೆ ಸವಾರ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸಿ, ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ತಾಗಿಸಿಕೊಂಡು, ಆಕ್ಸಿಲರೇಟರ್‌ನಿಂದಲೇ ಬೈಕನ್ನು ಹಿಡಿತದಲ್ಲಿಡುತ್ತಾನೆ. ಮೊದಲು ಬಂದವನಿಗೆ 3 ಅಂಕ, ಆಮೇಲಿನವರಿಗೆ 2 ಮತ್ತು 1, ಕೊನೆಯವನಿಗೆ ಸೊನ್ನೆ.

ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 1936ರಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ. ಅಲ್ಲಿಂದ 1994ರವರೆಗೆ, 1987ನ್ನು ಬಿಟ್ಟರೆ, ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನವಾಗುತ್ತಿದ್ದದ್ದು ಒಂದೇ ದಿನದ ಫೈನಲ್‌ನಲ್ಲಿ. ಹದಿನಾರು ಮಂದಿ, ಇಪ್ಪತ್ತು ಹೀಟ್ (ನಾಲ್ವರ ಒಂದೊಂದು ಓಟ), ತಲಾ ಐದು ಓಟ. ಅಂದರೆ ಇಡೀ ವರ್ಷದ ದುಡಿಮೆಗೆ ಬೆಲೆ ಕಟ್ಟುತ್ತಿದ್ದದ್ದು ಐದಾರು ನಿಮಿಷ. ಚೈನ್ ಕಡಿದರೆ, ಮೊದಲ ತಿರುವಿನಲ್ಲಿ ಮುಂದಿನವನು ಬಿದ್ದರೆ, ಮುಂದಿನ ವರ್ಷಕ್ಕೇ ಕಾಯಬೇಕು. 1995ರಲ್ಲಿ ಗ್ರ್ಯಾನ್ ಪ್ರಿ ಪದ್ಧತಿ ಬಂತು. ಈಗ ವರ್ಷಕ್ಕೆ ಹಲವು ಸುತ್ತು, ಹಲವು ಊರು, ಎಲ್ಲದರ ಅಂಕವನ್ನೂ ಕೂಡಿಸುತ್ತಾರೆ. ಒಂದು ದಿನ ಎಡವಿದವನಿಗೆ ಎರಡು ವಾರದಲ್ಲಿ ಸರಿಪಡಿಸಿಕೊಳ್ಳುವ ಅವಕಾಶವಿದೆ. ಈ ಎರಡು ಪದ್ಧತಿಗಳ ಕಿರೀಟಗಳನ್ನು ಒಟ್ಟಿಗೆ ಹಾಕಿ ಎಣಿಸಿದರೆ ಉತ್ತರ ಸಿಗುವುದಿಲ್ಲ.

ಈಗ ಫುಂಡಿನ್ ದಾಖಲೆ ನೋಡಿ. 1956, 1960, 1961, 1963, 1967ರಲ್ಲಿ ಚಾಂಪಿಯನ್. ನನಗೆ ಮುಖ್ಯವಾಗಿ ಕಾಣುವುದು ಅವರು ಗೆಲ್ಲದ ವರ್ಷಗಳು. 1957, 58, 59ರಲ್ಲಿ ಎರಡನೆಯವರು. 1962, 64, 65ರಲ್ಲಿ ಮೂರನೆಯವರು. 1956ರಿಂದ 1965ರವರೆಗೆ ಹತ್ತು ಫೈನಲ್, ಹತ್ತರಲ್ಲೂ ಮೊದಲ ಮೂವರಲ್ಲಿ ಒಬ್ಬರು! ಐದೇ ಓಟದಲ್ಲಿ ಭವಿಷ್ಯ ನಿರ್ಧಾರವಾಗುವ ಪದ್ಧತಿಯಲ್ಲಿ ಹತ್ತು ವರ್ಷ ಹೀಗೆ ನಿಲ್ಲುವುದನ್ನು ಅದೃಷ್ಟದ ಲೆಕ್ಕಕ್ಕೆ ಸೇರಿಸಲಾಗದು. 1966ರಲ್ಲಿ ಪದಕ ಇಲ್ಲ. ಇವರ ಕಾಲ ಮುಗಿಯಿತು ಅಂದುಕೊಂಡವರ ಎದುರಿಗೇ 1967ರಲ್ಲಿ, ಮೂವತ್ನಾಲ್ಕನೇ ವಯಸ್ಸಿನಲ್ಲಿ, ವೆಂಬ್ಲಿಯಲ್ಲಿ ಬೆಂಗ್ಟ್ ಜಾನ್ಸನ್ ಜೊತೆ ಅಂಕ ಸಮವಾಗಿ, ಟೈ ಮುರಿಯಲು ಇಟ್ಟ ಹೆಚ್ಚುವರಿ ಓಟದಲ್ಲಿ ಗೆದ್ದರು.

ಆಗ ಆಡುವ ದೇಶಗಳೇ ಕಡಿಮೆ, ಪೈಪೋಟಿ ತೆಳು ಎಂಬ ಆಕ್ಷೇಪ ಬರುತ್ತದೆ. ದೇಶಗಳು ಕಡಿಮೆ ಇದ್ದದ್ದು ನಿಜ. ಆದರೆ ಎದುರಿಗಿದ್ದವರು ಯಾರು? 1954ರಿಂದ 1967ರವರೆಗಿನ ಹದಿನಾಲ್ಕು ಕಿರೀಟಗಳನ್ನು ಹಂಚಿಕೊಂಡವರು ಐವರೇ: ಫುಂಡಿನ್, ನ್ಯೂಜಿಲೆಂಡಿನ ರಾನಿ ಮೂರ್ ಮತ್ತು ಬ್ಯಾರಿ ಬ್ರಿಗ್ಸ್, ಇಂಗ್ಲೆಂಡಿನ ಪೀಟರ್ ಕ್ರೇವನ್, ಸ್ವೀಡನ್ನಿನದೇ ಬ್ಯೋರ್ನ್ ಕ್ನುಟ್ಸನ್. ಬ್ರಿಗ್ಸ್ ಒಬ್ಬರೇ ನಾಲ್ಕು ಸಲ ಗೆದ್ದವರು. ಕ್ರೇವನ್ ನಿಮ್ಮ ಬೆಲ್ ವ್ಯೂ ತಂಡದ ಹೀರೊ. ಸಣ್ಣ ದೇಹದ ಈ ಸವಾರ ಬೈಕಿನ ಮೇಲೆ ಸಾಧಿಸುತ್ತಿದ್ದ ಸಮತೋಲನ ಕಂಡು ಜನ ಅವರನ್ನು ಮಾಂತ್ರಿಕ ಎನ್ನುತ್ತಿದ್ದರು. 1963ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದಲ್ಲಿ, ಮುಂದೆ ಬಿದ್ದ ಸವಾರನನ್ನು ತಪ್ಪಿಸಲು ಹೋಗಿ ತಾವೇ ಅಪ್ಪಳಿಸಿ, ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಂಥವರ ನಡುವೆ ಹತ್ತು ವರ್ಷ ಕೆಳಗಿಳಿಯದೆ ನಿಂತದ್ದನ್ನು ತೆಳು ಪೈಪೋಟಿ ಅನ್ನಲು ನನಗೆ ಬಾಯಿ ಬಾರದು.

ಮೇಜರ್ ಪರ ವಾದಿಸುವವರ ಮಾತಿನಲ್ಲೂ ತೂಕವಿದೆ. ಅವರ ಆರೂ ಕಿರೀಟ ಒಂದು ದಿನದ ಫೈನಲ್‌ನಲ್ಲೇ ಬಂದವು: 1968, 69, 70, 72, 77, 79. ಹದಿನೇಳರ ಹುಡುಗ 1957ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಿಂದ ಲಂಡನ್ನಿನ ವಿಂಬಲ್ಡನ್ ತಂಡಕ್ಕೆ ಬಂದು, ನೆಲೆ ಸಿಗದೆ ಊರಿಗೆ ಮರಳಿದ. 1963ರಲ್ಲಿ ಮತ್ತೆ ಬಂದು ನ್ಯೂಕ್ಯಾಸಲ್ ತಂಡದಿಂದ ಮೇಲೆದ್ದ. ಬೈಕಿನ ತಯಾರಿ, ಪ್ರಯಾಣ, ಟ್ರ್ಯಾಕಿನ ಮಣ್ಣಿನ ಅಧ್ಯಯನ ಎಲ್ಲವನ್ನೂ ಶಿಸ್ತಿನ ವೃತ್ತಿಯಾಗಿ ಮಾಡಿಕೊಂಡ ಸವಾರ. ಇನ್ನೂ ಉದ್ದದ ಟ್ರ್ಯಾಕ್ ಮೇಲೆ ನಡೆಯುವ ಲಾಂಗ್ ಟ್ರ್ಯಾಕ್ ರೇಸ್‌ನಲ್ಲೂ ಮೂರು ಸಲ ವಿಶ್ವ ಚಾಂಪಿಯನ್. ಕೊನೆಯ ಕಿರೀಟ ಬಂದಾಗ ನಲವತ್ತಕ್ಕೆ ಒಂದೇ ತಿಂಗಳು ಬಾಕಿ. ಮೂರ್, ಬ್ರಿಗ್ಸ್, ಮೇಜರ್ ಮೂವರೂ ಕ್ರೈಸ್ಟ್‌ಚರ್ಚ್‌ನವರೇ ಎಂಬುದು ನನಗೆ ಇವತ್ತಿಗೂ ಬೆರಗು. ಒಂದೇ ಊರಿಗೆ ಹನ್ನೆರಡು ವಿಶ್ವ ಕಿರೀಟ.

ಹಾಗಿದ್ದರೂ ಮೇಜರ್ ಎರಡನೆಯವರು ಏಕೆ? ಮೊದಲ ಮೂವರಲ್ಲಿ ಬಿಡದೆ ನಿಂತ ಅವರ ಸರಣಿ 1967ರಿಂದ 1974ರವರೆಗೆ ಎಂಟು ವರ್ಷ, ಫುಂಡಿನ್ ಅವರದು ಹತ್ತು. ಅಂತರ ಅಷ್ಟೇ, ತೀರ ಸಣ್ಣದು. 1973ರಲ್ಲಿ ಪೋಲೆಂಡಿನ ಖೋಜೂಫ್‌ನಲ್ಲಿ, ಲಕ್ಷ ಮೀರಿದ ಜನರೆದುರು, ಆತಿಥೇಯ ಸವಾರ ಯೆಜಿ ಶ್ಚಾಕೆಲ್ ಜೊತೆಗಿನ ಹೆಚ್ಚುವರಿ ಓಟದಲ್ಲಿ ಮೇಜರ್ ಬಿದ್ದರು. ಬೀಳದಿದ್ದರೆ ಏಳು ಕಿರೀಟವಾಗುತ್ತಿತ್ತೋ ಏನೋ, ಆಗ ನಾನೂ ಇಷ್ಟು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ರಿಕಾರ್ಡ್‌ಸನ್ ಅವರ ದೊಡ್ಡ ಹೆಗ್ಗಳಿಕೆ ಎಂದರೆ ಎರಡೂ ಪದ್ಧತಿಯಲ್ಲಿ ಗೆದ್ದದ್ದು. 1994ರ ಕೊನೆಯ ಒಂದು ದಿನದ ಫೈನಲ್ ಅವರದು, ಉಳಿದ ಐದು ಗ್ರ್ಯಾನ್ ಪ್ರಿಯಲ್ಲಿ. 2005ರಲ್ಲಂತೂ ಒಂಬತ್ತು ಸುತ್ತುಗಳಲ್ಲಿ ಆರನ್ನು ಗೆದ್ದುಕೊಂಡರು. ಎರಡೂ ಪದ್ಧತಿಯಲ್ಲಿ ಚಾಂಪಿಯನ್ ಆದ ಇನ್ನೊಬ್ಬರು ಡೆನ್ಮಾರ್ಕಿನ ಹಾನ್ಸ್ ನೀಲ್ಸನ್ ಮಾತ್ರ. ನೀಲ್ಸನ್ ಅವರ ನಾಲ್ಕು ಕಿರೀಟಗಳನ್ನು ಎಣಿಸುವಾಗ ಅದೇ ದೇಶದ ಎರಿಕ್ ಗುಂಡರ್ಸನ್ ಅವರನ್ನು ಮರೆಯಬೇಡಿ. 1984, 85, 88ರಲ್ಲಿ ಗೆದ್ದ ಗುಂಡರ್ಸನ್ 1989ರ ವಿಶ್ವ ತಂಡ ಫೈನಲ್‌ನ ಮೊದಲ ಹೀಟ್‌ನಲ್ಲೇ ಬ್ರಾಡ್‌ಫೋರ್ಡ್‌ನಲ್ಲಿ ತೀವ್ರವಾಗಿ ಗಾಯಗೊಂಡು ಮತ್ತೆ ರೇಸಿಗಿಳಿಯಲಿಲ್ಲ. ಒಬ್ಬರನ್ನೊಬ್ಬರು ಎತ್ತರಕ್ಕೆ ತಳ್ಳುತ್ತಿದ್ದ ಅಂಥ ಜೋಡಿ ಆಮೇಲೆ ಬಂದಿಲ್ಲ ಎಂದೇ ನನ್ನ ಭಾವನೆ.

ಜ್ಮರ್ಜ್ಲಿಕ್ ವಿಷಯ ಬೇರೆ. ಅವರು ಇನ್ನೂ ಓಡಿಸುತ್ತಿದ್ದಾರೆ. 2018ರಿಂದ 2025ರವರೆಗೆ ಎಂಟು ವರ್ಷ ಎರಡನೇ ಸ್ಥಾನಕ್ಕಿಂತ ಕೆಳಗಿಳಿದೇ ಇಲ್ಲ: ಆರು ಚಿನ್ನ, ಎರಡು ಬೆಳ್ಳಿ. 2023ರಲ್ಲಿ ಡೆನ್ಮಾರ್ಕಿನ ವೋಯೆನ್ಸ್‌ನಲ್ಲಿ ನಿಯಮಕ್ಕೆ ಹೊಂದದ ರೇಸ್ ಉಡುಪು ತೊಟ್ಟರೆಂದು ಇಡೀ ಸುತ್ತಿನಿಂದ ಹೊರಗಿಟ್ಟರು. ಕೊನೆಯ ಸುತ್ತಿನಲ್ಲಿ ಪೋಲೆಂಡಿನ ತೋರುನ್‌ನಲ್ಲಿ ಕಿರೀಟ ಉಳಿಸಿಕೊಂಡರು. 2025ರಲ್ಲಿ ಆಸ್ಟ್ರೇಲಿಯಾದ ಬ್ರೇಡಿ ಕರ್ಟ್ಜ್ ಸಾಲಾಗಿ ಸುತ್ತುಗಳನ್ನು ಗೆಲ್ಲುತ್ತ ಬೆನ್ನುಹತ್ತಿದ್ದಾಗ, ಒಂದೇ ಅಂಕದಿಂದ ಪಾರಾದರು. 2021ರ ಚಾಂಪಿಯನ್ ಆರ್ತೆಮ್ ಲಗುತಾ ರಷ್ಯಾದವರು. ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಸವಾರರಿಗೆ ನಿರ್ಬಂಧ ಬಿದ್ದು 2022ರಲ್ಲಿ ಅವರು ಕಣದಲ್ಲೇ ಇರಲಿಲ್ಲ. ಅದನ್ನು ಜ್ಮರ್ಜ್ಲಿಕ್ ಅವರ ಆ ವರ್ಷದ ಗೆಲುವಿನ ಕೊರತೆಯಾಗಿ ಎಣಿಸುವುದು ಅನ್ಯಾಯ. ಹೋಲಿಕೆಗೆ ಹೇಳುತ್ತೇನೆ: ಗ್ರ್ಯಾನ್ ಪ್ರಿ ಕಾಲದಲ್ಲಿ ಹತ್ತು ವರ್ಷ ಬಿಡದೆ ಮೊದಲ ಮೂವರಲ್ಲಿ ನಿಂತವರು ಆಸ್ಟ್ರೇಲಿಯಾದ ಜೇಸನ್ ಕ್ರಂಪ್, 2001ರಿಂದ 2010. ಅವರು ಚಾಂಪಿಯನ್ ಆದದ್ದು ಮೂರು ಸಲ. ಜ್ಮರ್ಜ್ಲಿಕ್ ಸರಣಿಯೂ ಹತ್ತು ಮುಟ್ಟಿದರೆ, ಅದರ ಜೊತೆ ಏಳನೆಯ ಕಿರೀಟವೂ ಬಂದರೆ, ಇದೇ ಪ್ರಶ್ನೆಯನ್ನು ಮತ್ತೆ ಕಳಿಸಿ. ನನ್ನ ಉತ್ತರ ಬದಲಾಗಲೂಬಹುದು.

ಪ್ರಶ್ನೆ: ನಾನು ಮೈಸೂರಿನವನು. ನಮ್ಮ ತಂದೆ ಜಾವಾ ಓಡಿಸುತ್ತಿದ್ದರು. ಸ್ಪೀಡ್‌ವೇ ಚಾಂಪಿಯನ್ನರೂ ಜಾವಾ ಮೇಲೇ ಗೆದ್ದರು ಎಂದು ಕೇಳಿದ್ದೇನೆ. ಅದು ನಮ್ಮ ಯಾದವಗಿರಿಯ ಜಾವಾವೇ?

ಉತ್ತರ: ಹೆಸರು ಅದೇ, ಬೈಕ್ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದದ್ದು ಹೆಚ್ಚಾಗಿ 250 ಸಿಸಿಯ ಟೂ ಸ್ಟ್ರೋಕ್ ರಸ್ತೆ ಬೈಕು. ಸ್ಪೀಡ್‌ವೇ ಜಾವಾ 500 ಸಿಸಿಯ ಫೋರ್ ಸ್ಟ್ರೋಕ್. ಅದರ ಮೂಲ ಚೆಕೊಸ್ಲೊವಾಕಿಯಾದ ದಿವಿಷೋವ್ ಊರಿನ ಎಸೊ ಎಂಬ ಕಂಪನಿ. 1964ರಲ್ಲಿ ಎಸೊ ಜಾವಾದೊಳಗೆ ಸೇರಿತು, ಕೆಲವು ವರ್ಷಗಳಲ್ಲಿ ಬೈಕುಗಳ ಮೇಲೂ ಜಾವಾ ಹೆಸರೇ ಬಂತು. ಅದಕ್ಕೆ ಮುನ್ನ ಹಲವು ದಶಕ ಟ್ರ್ಯಾಕ್ ಆಳಿದ್ದು ಇಂಗ್ಲೆಂಡಿನ ಜೆಎಪಿ ಎಂಜಿನ್. ಅದನ್ನು ಹಿಂದಿಕ್ಕಿದ್ದು ಈ ಚೆಕ್ ಬೈಕು. 1970ರ ದಶಕದ ನಡುವಿನಲ್ಲಿ ನಾಲ್ಕು ವಾಲ್ವಿನ ವೆಸ್ಲೇಕ್ ಎಂಜಿನ್ ಬಂದು ಅದಕ್ಕೂ ಸವಾಲೊಡ್ಡಿತು.

ಮೇಜರ್ ಜಾವಾ ಸವಾರರು. ಸತತ ಮೂರು ಸಲ ಗೆದ್ದರೆ ಬೈಕಿಗೆ ಚಿನ್ನದ ಲೇಪ ಹಾಕಿಸಿಕೊಡುತ್ತೇವೆ ಎಂದು ಅಮೆರಿಕದ ಇಬ್ಬರು ಅಭಿಮಾನಿಗಳು ಮಾತು ಕೊಟ್ಟಿದ್ದರು. 1970ರಲ್ಲಿ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ಮೂರನೆಯದು ಬಂತು, ಅವರು ಮಾತು ಉಳಿಸಿಕೊಂಡರು. ಆ ಚಿನ್ನದ ಜಾವಾ ಕ್ರೈಸ್ಟ್‌ಚರ್ಚ್‌ನ ಕ್ಯಾಂಟರ್‌ಬರಿ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿತ್ತು. ನಿಮ್ಮ ತಂದೆಯವರಿಗೆ ಅದರ ಚಿತ್ರ ಹುಡುಕಿ ತೋರಿಸಿ, ಖಂಡಿತ ಸಂತೋಷಪಡುತ್ತಾರೆ.

ಪ್ರಶ್ನೆ: ಒಮ್ಮೆಯೂ ವಿಶ್ವ ಚಾಂಪಿಯನ್ ಆಗದವರಲ್ಲಿ ಶ್ರೇಷ್ಠರು ಯಾರು?

ಉತ್ತರ: ಆಸ್ಟ್ರೇಲಿಯಾದ ವಿಕ್ ಡಗ್ಗನ್. ಎರಡನೇ ಮಹಾಯುದ್ಧದಿಂದ 1939ರ ಫೈನಲ್ ರದ್ದಾಯಿತು, ಚಾಂಪಿಯನ್‌ಷಿಪ್ ಮರಳಿದ್ದು 1949ರಲ್ಲಿ. ಡಗ್ಗನ್ ಉತ್ತುಂಗದಲ್ಲಿದ್ದದ್ದು ಸರಿಯಾಗಿ ಆ ನಡುವೆ. ವಿಶ್ವ ಫೈನಲ್ ಇಲ್ಲದ ಆ ದಿನಗಳಲ್ಲಿ ಅದರ ಜಾಗದಲ್ಲಿ ನಡೆಯುತ್ತಿದ್ದ ಬ್ರಿಟಿಷ್ ರೈಡರ್ಸ್ ಚಾಂಪಿಯನ್‌ಷಿಪ್‌ನ್ನು 1948ರಲ್ಲಿ ಗೆದ್ದರು. ಗೆಲ್ಲಲಾಗದವರು ಬೇರೆ, ಉತ್ತುಂಗದಲ್ಲಿದ್ದಾಗ ಗೆಲ್ಲುವ ಅವಕಾಶವೇ ಸಿಗದವರು ಬೇರೆ. ಡಗ್ಗನ್ ಈ ಎರಡನೇ ಗುಂಪಿಗೆ ಸೇರಿದವರು. ಇನ್ನೊಂದು ಹೆಸರನ್ನೂ ಹೇಳಬೇಕು, ಅವರದೇ ದೇಶದ ಬ್ಲೂಯಿ ವಿಲ್ಕಿನ್ಸನ್. 1936ರ ಮೊದಲ ಫೈನಲ್‌ನಲ್ಲಿ ಐದಕ್ಕೆ ಐದೂ ಓಟ ಗೆದ್ದವರು ಅವರು. ಆದರೆ ಅರ್ಹತಾ ಸುತ್ತುಗಳ ಬೋನಸ್ ಅಂಕಗಳನ್ನು ಸೇರಿಸಿದಾಗ ಒಂದು ಅಂಕ ಕಡಿಮೆಯಾಗಿ ಕಿರೀಟ ಲಯನೆಲ್ ವಾನ್ ಪ್ರಾಗ್ ಪಾಲಾಯಿತು. ವಿಲ್ಕಿನ್ಸನ್ 1938ರಲ್ಲಿ ಚಾಂಪಿಯನ್ ಆದ್ದರಿಂದ ನಿಮ್ಮ ಪ್ರಶ್ನೆಯ ಪಟ್ಟಿಗೆ ಸೇರುವುದಿಲ್ಲ.