ಕರ್ಸರ್ ಕುಣಿದಾಟಕ್ಕೆ ಮದ್ದೇನು?

ಪ್ರಶ್ನೆ: ಲ್ಯಾಪ್‌ಟಾಪಿನ ವೈರ್‌ಲೆಸ್ ಮೌಸ್ ಕರ್ಸರ್ ಇದ್ದಕ್ಕಿದ್ದಂತೆ ಮೂಲೆಗೆ ಹಾರುತ್ತದೆ. ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ. ಮೌಸ್ ಕೆಟ್ಟಿದೆಯೇ?

ಉತ್ತರ: ಅಷ್ಟು ಬೇಗ ಎಸೆಯಬೇಡಿ. ಮೌಸ್ ಆಫ್ ಮಾಡಿ, ಕೈ ತೆಗೆದು ನೋಡಿ. ಆಗಲೂ ಕರ್ಸರ್ ಅಲುಗಾಡಿದರೆ ತಪ್ಪು ಹೆಚ್ಚಾಗಿ ಟಚ್‌ಪ್ಯಾಡಿನದು. ಬೆವರಿನ ಪಸೆಯೂ ಸಾಕು, ಒರೆಸಿ. ಸುಮ್ಮನಾದರೆ ಮೌಸ್ ಮಗುಚಿ, ಸೆನ್ಸರ್ ಕಿಂಡಿಗೆ ಟಾರ್ಚ್ ಬಿಡಿ. ಒಂದೇ ಒಂದು ಕೂದಲೆಳೆ ಅಲ್ಲಿ ಅಲುಗಾಡುತ್ತಿದ್ದರೂ ಸೆನ್ಸರ್ ಅದನ್ನೇ ಮೌಸಿನ ಚಲನೆ ಎಂದುಕೊಳ್ಳುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ. ಬಾಯಲ್ಲಿ ಊದಿದರೆ ಎಂಜಲು ಕೂರುತ್ತದೆ. ಗಾಜಿನ ಮೇಜಾದರೆ ಕೆಳಗೊಂದು ಬಿಳಿ ಹಾಳೆ ಹಾಕಿ.

ಇನ್ನೂ ಹಾರಿದರೆ ರಿಸೀವರ್ (ಮೌಸಿನ ಸಂಕೇತ ಹಿಡಿಯಲು ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ಯುಎಸ್‌ಬಿ ತುಣುಕು) ನೋಡಿ. ಯುಎಸ್‌ಬಿ 3.0 ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಓಡುವಾಗ ಹೊಮ್ಮುವ ರೇಡಿಯೊ ಗದ್ದಲ ಮೌಸಿನ 2.4 ಗಿಗಾಹರ್ಟ್ಸ್ ರೇಡಿಯೊ ಸಂಕೇತವನ್ನು ಕೆಡಿಸಬಹುದು. ರಿಸೀವರನ್ನು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಆ ಪೋರ್ಟಿನಿಂದ ದೂರವಿಡಿ.